ನಮ್ಮ ಹುಡುಗರ ರೆಸ್ಯೂಮ್ ಯಾರ ಕೈಲಿದೆ?

ಹೋದ ಭಾನುವಾರ ಕೆ.ಬಿ. ಕ್ರಾಸಿನಲ್ಲಿ ತುರುವೇಕೆರೆ ಬಸ್ಸಿಗೆ ಕಾಯ್ತಾ ನಿಂತಿದ್ದೆ. ಅಕ್ಕನ ಮಗಳ ಫೋನು ಬಂತು.

"ಮಾವ, ವಾಟ್ಸಾಪಿಗೆ ಮೂರು ಫೋಟೋ ಹಾಕಿದೀನಿ. ನೋಡಿ ಹೇಳು, ಯಾವುದಕ್ಕೆ ಕಟ್ಲಿ?"

ಮೂರೂ ನಮ್ಮ ರೆಸ್ಯೂಮನ್ನು ಕಂಪನಿಗಳಿಗೆ ಕಳಿಸಿಕೊಡುವ ಸೇವೆಗಳ ಜಾಹೀರಾತು. ಒಂದಕ್ಕೆ 1,499 ರೂಪಾಯಿ, ಐನೂರು ಕಂಪನಿಗೆ ಕಳಿಸ್ತಾರಂತೆ. ಇನ್ನೊಂದಕ್ಕೆ 2,999, ಎರಡು ಸಾವಿರ ಎಚ್‌ಆರ್‌ಗಳ ಇನ್‌ಬಾಕ್ಸಿಗೆ ಒಂದೇ ದಿನದಲ್ಲಿ. ಮೂರನೆಯದು 4,999. ರೆಸ್ಯೂಮನ್ನು ಅವರೇ ಚೆನ್ನಾಗಿ ಬರೆದು, ಅವರೇ ಕಳಿಸಿ, ಇಂಟರ್‌ವ್ಯೂ ಗ್ಯಾರಂಟಿ ಅಂತ ಕೆಂಪಕ್ಷರದಲ್ಲಿ ಹಾಕಿದಾರೆ.

"ದುಡ್ಡು ಎಲ್ಲಿಂದ ತರ್ತೀಯವ್ವ?" ಅಂದೆ.

"ಅವ್ವ ಸಂಘದಲ್ಲಿ ಎತ್ತಿಕೊಡ್ತೀನಿ ಅಂದೈತೆ."

ಅವಳು ತಿಪಟೂರಲ್ಲಿ ಬಿ.ಕಾಂ. ಮುಗಿಸಿ ಎರಡು ವರ್ಷ ಆಯ್ತು. ಟ್ಯಾಲಿ ಕಲಿತಿದ್ದಾಳೆ. ಸದ್ಯಕ್ಕೆ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂತು ಬೇರೆಯವರ ಅರ್ಜಿ ತುಂಬಿಕೊಡ್ತಾಳೆ. ಅಕ್ಕ ಕೊಬ್ಬರಿ ಮಂಡಿಯಲ್ಲಿ ಕೂಲಿ. ಭಾವ ಕಾಯಿ ಸುಲೀತಿದ್ರು, ಸಾವಿರ ಕಾಯಿಗೆ ಇಷ್ಟು ಅಂತ ಲೆಕ್ಕ. ಸೊಂಟ ಹಿಡಿದ ಮೇಲೆ ವಾರಕ್ಕೆ ಎರಡು ದಿನ ಹೋದ್ರೆ ಹೆಚ್ಚು. 2023ರಲ್ಲಿ ಕ್ವಿಂಟಾಲಿಗೆ ಎಂಟು ಸಾವಿರದ ಆಸುಪಾಸಿಗೆ ಕುಸಿದಿದ್ದ ಕೊಬ್ಬರಿ 2025ರಲ್ಲಿ ಇಪ್ಪತ್ತು ಸಾವಿರ ದಾಟಿ ಓಡಿತಲ್ಲ, ಆಗ ತೋಟ ಇದ್ದೋರ ಮನೆ ಮುಂದೆ ಹೊಸ ಕಾರು ಬಂದವು. ಸುಲಿಯೋರ ಕೂಲಿ ಆ ಲೆಕ್ಕದಲ್ಲಿ ಏರಲಿಲ್ಲ. ಅದು ಬೇರೆ ಕತೆ, ಇನ್ನೊಂದು ದಿನ ಬರೀತೀನಿ.

"ಯಾವುದಕ್ಕೂ ಕಟ್ಟಬೇಡ, ಸಂಜೆ ಮನೆಗೆ ಬರ್ತೀನಿ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ಮಾವ, ಒಂದಕ್ಕೆ ಆಗ್ಲೇ 499 ಕಟ್ಟಿದೀನಿ" ಅಂದಳು.

ಸಂಜೆ ಹೋದೆ. ಅವಳ ಫೋನು ಇಸಕೊಂಡು ಕೂತೆ. ಅವಳು ಕಟ್ಟಿದ್ದ ಆ ಸೇವೆ (ಹೆಸರು ಬೇಡ, ಇಂಥವು ನೂರಿವೆ) ಮೊದಲ ದಿನವೇ ಫಾರಂ ಕೊಟ್ಟಿತ್ತು. ಹೆಸರು, ತಂದೆ ಹೆಸರು, ಪೂರ್ತಿ ವಿಳಾಸ, ಆಧಾರ್ ಎರಡೂ ಕಡೆ, ಮಾರ್ಕ್ಸ್ ಕಾರ್ಡು. ಅದರ ಕೆಳಗೆ 'ಕ್ಯಾಸ್ಟ್ ಸರ್ಟಿಫಿಕೇಟ್ ಇದ್ದರೆ ಅಪ್‌ಲೋಡ್ ಮಾಡಿ.' ಹುಡುಗಿ ಎಲ್ಲಾನೂ ಹಾಕಿದಾಳೆ. ಯಾಕವ್ವ ಹಾಕಿದೆ ಅಂದ್ರೆ, "ಕಾಲೇಜಿಗೆ, ಹಾಸ್ಟೆಲಿಗೆ, ಸ್ಕಾಲರ್‌ಶಿಪ್ಪಿಗೆ ಎಲ್ಲದಕ್ಕೂ ಹಾಕ್ತಿದ್ವಲ್ಲ ಮಾವ" ಅಂತಾಳೆ. ನಿಜವೇ. ಒಂದನೇ ಕ್ಲಾಸಿಂದ ಆ ಹಾಳೆ ಕೈಲಿ ಹಿಡಿದು ಕ್ಯೂ ನಿಂತು ಅಭ್ಯಾಸ ಆಗಿರೋ ಮಕ್ಕಳಿಗೆ, ಯಾರು ಕೇಳಿದ್ರೆ ಕೊಡಬೇಕು, ಯಾರು ಕೇಳಿದ್ರೆ ಕೊಡಬಾರದು ಅಂತ ನಾವು ಯಾವತ್ತೂ ಹೇಳಿಕೊಟ್ಟೇ ಇಲ್ಲ.

ಖಾಸಗಿ ಕಂಪನಿಗಳಲ್ಲಿ ಮೀಸಲಾತಿ ಇಲ್ಲ. ಸಂವಿಧಾನದ 16ನೇ ವಿಧಿ ಹೇಳೋದು ಸರ್ಕಾರಿ ಉದ್ಯೋಗದ ಮಾತು. ಹಂಗಿರುವಾಗ ರೆಸ್ಯೂಮ್ ಕಳಿಸೋ ಒಬ್ಬ ದಲ್ಲಾಳಿಗೆ ನಮ್ಮ ಜಾತಿ ಪತ್ರದಿಂದ ಆಗಬೇಕಾದ್ದು ಏನು?

ದುಡ್ಡು ಕಟ್ಟಿದ ವಾರದೊಳಗೆ ಫೋನುಗಳು ಶುರುವಾಗಿವೆ. ಇನ್ಶೂರೆನ್ಸ್ ಮಾರೋರು, ಸಾಲ ಕೊಡ್ತೀವಿ ಅನ್ನೋರು, 'ನಿಮಗೆ ಸೆಲೆಕ್ಷನ್ ಆಗಿದೆ, ಲ್ಯಾಪ್‌ಟಾಪಿಗೆ ಡೆಪಾಸಿಟ್ ಕಟ್ಟಿ' ಅನ್ನೋರು. ಪುಣ್ಯಕ್ಕೆ ಡೆಪಾಸಿಟ್ ಕಟ್ಟಿಲ್ಲ. ಒಂದೇ ಒಂದು ಕಂಪನಿಯಿಂದಲೂ ನೇರ ಕರೆ ಬಂದಿಲ್ಲ. ಬಂದದ್ದು ಆ ಸೇವೆಯವರ 'ಎಕ್ಸ್‌ಪರ್ಟ್' ಒಬ್ಬರ ಸಲಹೆ, ಇಂಗ್ಲಿಷಿನಲ್ಲಿ, ನಾಕು ಸಾಲು. ಫೋಟೋ ತೆಗೀರಿ, ಅಕ್ಷರದ ಸೈಜು ಬದಲಾಯಿಸಿ. ಮೂರನೇ ಸಾಲು: ವಿಳಾಸದಲ್ಲಿ 'ಎ.ಕೆ. ಕಾಲೋನಿ' ಅನ್ನೋದನ್ನು ತೆಗೆದುಬಿಡಿ, ಪ್ರೊಫೆಷನಲ್ ಆಗಿ ಕಾಣೋದಿಲ್ಲ.

ಅದನ್ನ ಓದಿ ನಾನು ಫೋನನ್ನ ಚಾಪೆ ಮೇಲೆ ಇಟ್ಟೆ.

ಬಂಧುಗಳೇ, ನಿಮ್ಮಲ್ಲಿ ತುಮಕೂರು, ಹಾಸನ, ಮಂಡ್ಯ ಕಡೆಯವರಿಗೆ ಎ.ಕೆ. ಕಾಲೋನಿ ಅಂದ್ರೆ ಏನಂತ ಹೇಳಬೇಕಾಗಿಲ್ಲ. ಎ.ಕೆ. ಅಂದ್ರೆ ಆದಿ ಕರ್ನಾಟಕ. ಅದು ಜಾತಿಯ ಹೆಸರೋ ಅಲ್ಲವೋ ಅಂತ ಒಳಮೀಸಲಾತಿ ಸಮೀಕ್ಷೆ ಹೊತ್ತಲ್ಲಿ ನಾವೇ ರಾತ್ರಿಯೆಲ್ಲ ಜಗಳ ಆಡಿದೀವಿ. ಆದರೆ ಬೆಂಗಳೂರಲ್ಲಿ ಕೂತು ರೆಸ್ಯೂಮ್ ನೋಡೋನಿಗೆ ಆ ಗೊಂದಲ ಇಲ್ಲ. ಆ ಎರಡಕ್ಷರ ನೋಡಿದ ಕೂಡಲೇ ಅವನಿಗೆ ಬೇಕಾದ್ದು ಗೊತ್ತಾಗುತ್ತೆ.

ಇದನ್ನ ನಾನು ಇಪ್ಪತ್ತೇಳು ವರ್ಷದ ಹಿಂದೆಯೇ ಅನುಭವಿಸಿದೀನಿ. ಆಗ ರೆಸ್ಯೂಮ್ ಅನ್ನೋ ಮಾತಿರಲಿಲ್ಲ, ಬಯೋಡಾಟ. ತಿಪಟೂರಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮಾಡಿಸಿದ್ದೆ, ಪೀಣ್ಯದ ಕಾರ್ಖಾನೆಗಳಿಗೆ ಪೋಸ್ಟ್ ಮಾಡೋಕೆ. ಟೈಪ್ ಮಾಡಿಕೊಡೋ ಮೇಷ್ಟ್ರು ಒಳ್ಳೇ ಮನುಷ್ಯ. ವಿಳಾಸ ಹೇಳಿದಾಗ ಬೆರಳು ನಿಲ್ಲಿಸಿ, "ಬೇರೆ ಯಾವುದಾದ್ರೂ ಕೇರಾಫ್ ಇಲ್ವೇನಯ್ಯಾ?" ಅಂದ್ರು. ಯಾಕೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮಪ್ಪ ಮೂಟೆ ಹೊರ್ತಿದ್ದ ಒಂದು ದಿನಸಿ ಅಂಗಡಿ ಊರ ಮೇನ್ ರೋಡಲ್ಲಿತ್ತು. ಅದರ ಹೆಸರು ಕೊಟ್ಟೆ. ಹದಿನೆಂಟು ಕಡೆಗೆ ಆ ಕೇರಾಫ್ ವಿಳಾಸ ಹೊತ್ತುಕೊಂಡು ನನ್ನ ಬಯೋಡಾಟ ಹೋಯ್ತು.

ಒಂದು ಕಡೆಯಿಂದ ಇಂಟರ್‌ವ್ಯೂ ಲೆಟರ್ ಬಂದಿತ್ತು. ಅಂಗಡಿಯೋರು ಅದನ್ನ ಸಾಲದ ಚೀಟಿಗಳ ಜೊತೆ ತಂತಿಗೆ ಚುಚ್ಚಿ ಮರೆತುಬಿಟ್ಟಿದ್ದರು. ಕೆಟ್ಟತನದಿಂದಲ್ಲ, ನನ್ನಂಥೋನಿಗೆ ಬೆಂಗಳೂರಿಂದ ಏನು ಕಾಗದ ಬಂದೀತು ಅಂತ. ನನ್ನ ಕೈಗೆ ಸಿಕ್ಕಾಗ ಇಂಟರ್‌ವ್ಯೂ ದಿನ ಕಳೆದು ಹನ್ನೊಂದು ದಿನ. ಕಾಲೋನಿ ವಿಳಾಸ ಬರೆದಿದ್ರೆ ಪೋಸ್ಟ್‌ಮ್ಯಾನು ಸೀದಾ ನಮ್ಮವ್ವನ ಕೈಗೆ ಕೊಟ್ಟಿರ್ತಿದ್ದ. ಆದರೆ ಕಾಲೋನಿ ವಿಳಾಸ ಬರೆದಿದ್ರೆ ಆ ಲೆಟರ್ ಬರ್ತಿತ್ತೇ? ಇವತ್ತಿಗೂ ನನಗೆ ಉತ್ತರ ಸಿಕ್ಕಿಲ್ಲ.

ಇದು ಬರೀ ನನ್ನ ಅನುಮಾನ ಅಂತ ಯಾರಾದ್ರೂ ಅಂದ್ರೆ ಅವರಿಗೊಂದು ಲೆಕ್ಕ ಹೇಳ್ತೀನಿ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅನ್ನೋ ಇಬ್ಬರು ವಿದ್ವಾಂಸರು 2005ರಿಂದ ಸುಮಾರು 66 ವಾರ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ 548 ಉದ್ಯೋಗ ಜಾಹೀರಾತಿಗೆ 4,808 ಅರ್ಜಿ ಕಳಿಸಿದರು. ಓದು ಒಂದೇ, ಅನುಭವ ಒಂದೇ, ಹೆಸರು ಮಾತ್ರ ಬೇರೆ. ಒಂದರಲ್ಲಿ ಮೇಲ್ಜಾತಿಯ ಅಡ್ಡಹೆಸರು, ಒಂದರಲ್ಲಿ ದಲಿತ ಅಡ್ಡಹೆಸರು, ಒಂದರಲ್ಲಿ ಮುಸ್ಲಿಂ ಹೆಸರು. 2007ರಲ್ಲಿ ಇಪಿಡಬ್ಲ್ಯೂ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮೇಲ್ಜಾತಿ ಹೆಸರಿಗೆ ಕರೆ ಬರುವ ಸಾಧ್ಯತೆಗೆ ಹೋಲಿಸಿದರೆ ದಲಿತ ಹೆಸರಿಗಿದ್ದದ್ದು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಅಮೆರಿಕದ ಬಾಸ್ಟನ್, ಶಿಕಾಗೊದಲ್ಲಿ ಇದೇ ಥರ ಮಾಡಿ 2004ರಲ್ಲಿ ಪ್ರಕಟಿಸಿದ್ದರು. ಬಿಳಿಯರ ಹೆಸರಿಗೆ ಹತ್ತು ಅರ್ಜಿಗೆ ಒಂದು ಕರೆ, ಕರಿಯರ ಹೆಸರಿಗೆ ಹದಿನೈದು ಅರ್ಜಿಗೆ ಒಂದು.

ನಮ್ಮ ಕಡೆ ಅಡ್ಡಹೆಸರಿನ ರೂಢಿ ಕಮ್ಮಿ, ಇನಿಷಿಯಲ್ ಅಷ್ಟೇ. ಹಂಗಾಗಿ ನಾವು ಬಚಾವು ಅಂದ್ಕೋಬಹುದು. ಇಲ್ಲ. ತಂದೆ ಹೆಸರು ಅಂತ ಒಂದು ಕಾಲಂ ಇರುತ್ತಲ್ಲ, ಅಲ್ಲಿ ಕೊನೇಲಿ ಗೌಡ ಇದೆಯೋ, ಸ್ವಾಮಿ ಇದೆಯೋ, ಬರೀ ಅಯ್ಯ ಇದೆಯೋ ನೋಡ್ತಾರೆ. ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್ ಅಂತ ಇದ್ರೆ ಅದನ್ನ ನೋಡ್ತಾರೆ. ಏನೂ ಸಿಗದಿದ್ರೆ ಇಂಟರ್‌ವ್ಯೂನಲ್ಲಿ ಕೇಳ್ತಾರೆ: 'ಊರಲ್ಲಿ ನೀವು ಯಾರ ಪೈಕಿ?' ದೆಹಲಿಯ ದೊಡ್ಡ ಕಂಪನಿಗಳ 25 ಎಚ್‌ಆರ್ ಮ್ಯಾನೇಜರ್‌ಗಳನ್ನು ಮಾತಾಡಿಸಿ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ಕೂಡ 2007ರಲ್ಲೇ ಬರೆದಿದ್ದಾರೆ. ನಾವು ಜಾತಿ ನೋಡಲ್ಲ, ಮೆರಿಟ್ ನೋಡ್ತೀವಿ ಅಂತಾರೆ, ಆದರೆ 'ಫ್ಯಾಮಿಲಿ ಬ್ಯಾಕ್‌ಗ್ರೌಂಡ್' ಕೇಳೋದನ್ನ ಬಿಡಲ್ಲ.

ಹಾಗಾದ್ರೆ ದುಡ್ಡು ಕಟ್ಟಿಸಿಕೊಂಡು ಎರಡು ಸಾವಿರ ಕಡೆಗೆ ಕಳಿಸೋರು ಏನು ಮಾಡ್ತಾರೆ? ಅವರ ಹತ್ತಿರ ಒಂದು ಇಮೇಲ್ ಪಟ್ಟಿ ಇರುತ್ತೆ. ಯಾವ ಕಾಲದ್ದೋ ಏನೋ. ಒಂದೇ ಗುಕ್ಕಿಗೆ ಎಲ್ಲರಿಗೂ ನಿಮ್ಮ ರೆಸ್ಯೂಮ್ ಹೋಗುತ್ತೆ. ಅಂಥ ಮೇಲ್ ಬಹಳಷ್ಟು ಸ್ಪ್ಯಾಮಿಗೆ ಬೀಳುತ್ತೆ. ಉಳಿದದ್ದನ್ನ ಯಾರಾದ್ರೂ ತೆರೆದರೂ, ಟ್ಯಾಲಿ ಗೊತ್ತಿರೋ ತಿಪಟೂರಿನ ಹುಡುಗಿಯ ರೆಸ್ಯೂಮು ಔಷಧಿ ಕಂಪನಿಗೆ, ಹಡಗಿನ ಕಂಪನಿಗೆ ಹೋಗಿರುತ್ತೆ. ಎಲ್ಲಿಗೆ ಹೋಯ್ತು ಅಂತ ಪಟ್ಟಿ ಕೊಡಿ ಅಂದ್ರೆ 'ಕಾನ್ಫಿಡೆನ್ಷಿಯಲ್' ಅಂತಾರೆ. ನಮ್ಮ ಹುಡುಗಿ ಕೇಳಿದ್ದಕ್ಕೆ ಇದೇ ಉತ್ತರ ಬಂದಿದೆ. ನನ್ನ ಆಧಾರ್ ಕಾರ್ಡು ಯಾರ ಹತ್ತಿರ ಹೋಗಿದೆ ಅನ್ನೋದು ನನಗೇ ಕಾನ್ಫಿಡೆನ್ಷಿಯಲ್ಲು!

ಅಕ್ಕ ಒಲೆ ಮುಂದೆ ಕೂತು ಎಲ್ಲಾ ಕೇಳಿಸ್ಕೊತಿತ್ತು. "ಹಂಗಾರೆ ದುಡ್ಡು ಕೊಡದಂಗೆ ಯಾರಪ್ಪಾ ಕೆಲ್ಸ ಕೊಡಿಸ್ತಾರೆ?" ಅಂತು.

ಅವಳಿಗೆ ಮಂಡಿ ಲೆಕ್ಕದಲ್ಲೇ ಹೇಳಿದೆ. ಕೊಬ್ಬರಿ ಮಾರೋಕೆ ಎಪಿಎಂಸಿಗೆ ಹೋದ್ರೆ, ಕಾನೂನಿನ ಪ್ರಕಾರ ಕಮಿಷನ್ ಕೊಡಬೇಕಾದೋನು ಕೊಳ್ಳೋನು, ಬೆಳೆದೋನಲ್ಲ. ತೂಕದಲ್ಲಿ, ಹಮಾಲಿಯಲ್ಲಿ ಏನೇನೋ ಮುರ್ಕೊತಾರೆ, ಅದು ಬೇರೆ. ಕೆಲಸದ ವ್ಯವಹಾರವೂ ಹಂಗೇ. ನಿಜವಾದ ಕನ್ಸಲ್ಟೆನ್ಸಿಗೆ ದುಡ್ಡು ಕೊಡೋದು ಕಂಪನಿ. ಸಾಮಾನ್ಯವಾಗಿ ಸೇರಿದವರ ವರ್ಷದ ಸಂಬಳದ 8.33 ಪರ್ಸೆಂಟ್, ಅಂದ್ರೆ ಒಂದು ತಿಂಗಳ ಸಂಬಳ. ದೊಡ್ಡ ಜಾಬ್ ಸೈಟುಗಳಿಗೂ ದುಡ್ಡು ಕಟ್ಟೋದು ಕಂಪನಿಗಳೇ, ನಮ್ಮ ಪ್ರೊಫೈಲ್ ಹುಡುಕೋಕೆ. ನಾವು ಅಲ್ಲಿ ಪುಕ್ಕಟೆ ಹೆಸರು ಹಾಕ್ಕೊಂಡ್ರೆ ಸಾಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆ, ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಶುಲ್ಕ ವಸೂಲಿ ಮಾಡಬಾರದು ಅಂತಲೇ ಹೇಳುತ್ತೆ. ಭಾರತ ಅದಕ್ಕೆ ಸಹಿ ಬಿದ್ದ ದೇಶ ಅಲ್ಲ, ಆ ಮಾತೂ ಹೇಳಿಬಿಡ್ತೀನಿ.

ಅಕ್ಕನಿಗೆ ಒಡಂಬಡಿಕೆ ಬೇಕಾಗಿರಲಿಲ್ಲ. ಮಂಡಿ ಲೆಕ್ಕ ಅರ್ಥ ಆಯ್ತು. "ಅಂದ್ರೆ ಮಾರೋಳ ಕೈಲೇ ಕಮಿಷನ್ ಕಿತ್ಕೊಂಡವ್ರೆ" ಅಂತು.

ಇನ್ನೊಂದು ವಿಷಯ ನಮ್ಮ ಸಭೆಗಳಲ್ಲಿ ಹೇಳೋದೇ ಇಲ್ಲ, ಇಲ್ಲಿ ಹೇಳ್ತೀನಿ. ಉದ್ಯೋಗ ವಿನಿಮಯ ಕಚೇರಿ, ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ಅಂತೀವಲ್ಲ, ಅದರ ದೇಶವ್ಯಾಪಿ ಜಾಲಕ್ಕೆ ಬುನಾದಿ ಬಿದ್ದದ್ದು 1945ರ ಜುಲೈನಲ್ಲಿ, ಯುದ್ಧದಿಂದ ವಾಪಸ್ ಬರುವ ಸೈನಿಕರಿಗೆ ಕೆಲಸ ಹುಡುಕಿಕೊಡೋಕೆ. ಆಗ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಬಾಬಾಸಾಹೇಬರ ಕೈಲಿತ್ತು. 1948ರಲ್ಲಿ ಅದನ್ನ ಎಲ್ಲ ಕೆಲಸ ಹುಡುಕೋರಿಗೂ ತೆರೆದರು. ಯಾರ ಕೇರಾಫೂ ಇಲ್ಲದೋನು ಒಂದು ಕಾರ್ಡು ಮಾಡಿಸಿ, ನಂಬರ್ ಇಟ್ಕೊಂಡು, ನನ್ನ ಸರದಿ ಬಂತಾ ಅಂತ ಕೇಳಬಹುದಾಗಿದ್ದ ಜಾಗ ಅದು. 1959ರ ಕಾಯ್ದೆ 25 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನ ಅಲ್ಲಿಗೆ ತಿಳಿಸಬೇಕು ಅಂತು. ಆದರೆ ಅಲ್ಲಿಂದಲೇ ತಗೋಬೇಕು ಅನ್ನಲಿಲ್ಲ. ಆ ತೂತಿನಲ್ಲಿ ಎಲ್ಲಾ ಸೋರಿಹೋಯ್ತು. ನನ್ನ ಕಾರ್ಡನ್ನ ಎಷ್ಟೋ ವರ್ಷ ರಿನ್ಯೂವಲ್ ಮಾಡಿಸಿದೆ, ಒಂದು ಕಾಗದ ಬರಲಿಲ್ಲ.

ಈಗ ಆ ಜಾಗಕ್ಕೆ 2015ರಿಂದ ಕೇಂದ್ರದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್ ಇದೆ, ರಾಜ್ಯ ಸರ್ಕಾರದ ಸ್ಕಿಲ್ ಕನೆಕ್ಟ್ ಇದೆ. ಎರಡೂ ಉಚಿತ. ನಾನು ಇವನ್ನ ಹೊಗಳ್ತಿಲ್ಲ. ಹಳೇ ಜಾಹೀರಾತು ಹಂಗೇ ಬಿದ್ದಿರ್ತವೆ, ಫೋನ್ ಮಾಡಿದ್ರೆ ಎತ್ತಲ್ಲ. ಆದರೂ ಅಲ್ಲಿ ಹೆಸರು ಹಾಕಿದ್ರೆ ಕಳ್ಕೊಳ್ಳೋದೇನೂ ಇಲ್ಲ. ಅದರ ಮೂಲಕ ಉದ್ಯೋಗ ಮೇಳದ ಸುದ್ದಿ ಗೊತ್ತಾಗುತ್ತೆ, ಮೇಳದಲ್ಲಿ ಕನಿಷ್ಠ ಒಬ್ಬ ಮನುಷ್ಯನ ಮುಖ ನೋಡಿ ಹಾಳೆ ಕೊಡಬಹುದು.

ಅವತ್ತು ರಾತ್ರಿ ನಾವಿಬ್ಬರೂ ಕೂತು ಮಾಡಿದ್ದು ಇಷ್ಟು. ಆ ಸೇವೆಗೆ ಮೇಲ್ ಹಾಕಿ, ನನ್ನ ದಾಖಲೆಗಳನ್ನ ಅಳಿಸಿ, ದುಡ್ಡು ವಾಪಸ್ ಕೊಡಿ ಅಂತ ಕೇಳಿದ್ವಿ. ಉತ್ತರ ಬಂದಿಲ್ಲ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದ್ವಿ. ಇನ್ಮುಂದೆ ಯಾರಾದ್ರೂ ಆಧಾರ್ ಕೇಳಿದ್ರೆ ಕೊನೇ ನಾಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಡು, ಅದೂ ಕೆಲಸಕ್ಕೆ ಸೇರೋವಾಗ ಅಂದೆ. ಎರಡು ಜಾಬ್ ಸೈಟಿನಲ್ಲಿ ಪುಕ್ಕಟೆ ಪ್ರೊಫೈಲ್ ಮಾಡಿದ್ವಿ. ಟ್ಯಾಲಿ, ಜಿಎಸ್‌ಟಿ, ಎಕ್ಸೆಲ್ ಅನ್ನೋ ಪದಗಳು ಅಲ್ಲಿ ಸ್ಪಷ್ಟವಾಗಿರಬೇಕು, ಕಂಪನಿಯೋರು ಆ ಪದ ಹಾಕಿಯೇ ಹುಡುಕೋದು. ವಾರಕ್ಕೊಂದು ಸಲ ಒಳಗೆ ಹೋಗಿ ಏನಾದ್ರೂ ತಿದ್ದಿದ್ರೆ ಹೆಸರು ಮೇಲೆ ಬರುತ್ತೆ. (ಡೆಪಾಸಿಟ್ ಗಿಪಾಸಿಟ್ ಅಂತ ದುಡ್ಡು ಕಳ್ಕೊಂಡೋರು ತಡ ಮಾಡದೆ 1930ಕ್ಕೆ ಫೋನ್ ಮಾಡಿ. ನಾಚಿಕೆ ಪಟ್ಕೊಂಡು ಮೂರು ದಿನ ಸುಮ್ನಿದ್ರೆ ದುಡ್ಡು ಸಿಗಲ್ಲ.)

ಆಮೇಲೆ ಮುಖ್ಯವಾದ್ದಕ್ಕೆ ಬಂದ್ವಿ. ಖಾಸಗಿ ಕೆಲಸಗಳು ಎಷ್ಟೋ ಸಲ ಜಾಹೀರಾತಿಗೇ ಬರಲ್ಲ. ಒಳಗಿರೋನು 'ನಮ್ಮ ಹುಡುಗ ಒಬ್ಬ ಇದಾನೆ ಸಾರ್' ಅಂತಾನೆ, ಮುಗೀತು. ಅದಕ್ಕೆ ರೆಫರೆನ್ಸ್ ಅಂತಾರೆ. ಕೆಲವು ಕಂಪನಿಗಳು ಹಂಗೆ ತಂದವರಿಗೆ ದುಡ್ಡೂ ಕೊಡ್ತವೆ. ತೋಟದ ಯಜಮಾನರ ಮಗನಿಗೆ ಆ 'ನಮ್ಮ ಹುಡುಗ' ಅನ್ನೋಕೆ ದೊಡ್ಡಪ್ಪ, ಷಡ್ಡಕ, ಮಠ, ಸಂಘ, ಎಲ್ಲಾ ಇದೆ. ನಮಗೆ?

"ನಿನ್ನ ಹಾಸ್ಟೆಲಲ್ಲಿ ಇದ್ದು ಕೆಲಸಕ್ಕೆ ಹೋದ ಸೀನಿಯರ್‌ಗಳ ಹೆಸರು ಬರಿ" ಅಂದೆ. ಮೊದಲು ಯಾರೂ ಇಲ್ಲ ಅಂದಳು. ಬರೀತಾ ಬರೀತಾ ಹನ್ನೊಂದು ಜನ ಆದ್ರು. ಒಬ್ಬಳು ತುಮಕೂರಿನ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡ್ಕೊತಾಳೆ. ಒಬ್ಬ ಪೀಣ್ಯದಲ್ಲಿ ಅಕೌಂಟ್ಸ್. ಚಿಕ್ಕನಾಯಕನಹಳ್ಳಿಯ ಒಬ್ಬಳು ಬೆಂಗಳೂರಿನ ಆಸ್ಪತ್ರೆಯೊಂದರ ಬಿಲ್ಲಿಂಗ್‌ನಲ್ಲಿದ್ದಾಳೆ. "ಕೇಳೋಕೆ ನಾಚಿಕೆ ಆಗುತ್ತೆ ಮಾವ" ಅಂದಳು. ಎರಡು ಸಾವಿರ ಅಪರಿಚಿತರಿಗೆ ಜಾತಿ ಪತ್ರ ಕಳಿಸೋಕೆ ಆಗದ ನಾಚಿಕೆ ಹಾಸ್ಟೆಲಿನ ಅಕ್ಕನ್ನ ಕೇಳೋಕೆ ಯಾಕವ್ವ ಅಂದೆ. ಸ್ವಲ್ಪ ಜೋರಾಗೇ ಅಂದೆ ಅನ್ಸುತ್ತೆ, ಅಕ್ಕ ತಿರುಗಿ ನೋಡ್ತು.

ಕೊನೆಗೆ ಉಳಿದದ್ದು ವಿಳಾಸ.

ಸುಲಭದ ಉತ್ತರ ಇದೆ. ಈಗ ರೆಸ್ಯೂಮಿನಲ್ಲಿ ಯಾರೂ ಪೂರ್ತಿ ವಿಳಾಸ ಬರೆಯೋದಿಲ್ಲ, ತಂದೆ ಹೆಸರೂ ಬೇಕಿಲ್ಲ, ಫೋಟೋ ಬೇಕಿಲ್ಲ. ಫೋನ್ ನಂಬರು, ಇಮೇಲು, 'ತಿಪಟೂರು, ತುಮಕೂರು ಜಿಲ್ಲೆ' ಅಂತಿದ್ರೆ ಸಾಕು. ಎಲ್ಲ ಜಾತಿಯೋರಿಗೂ ಕೊಡೋ ಸಲಹೆ ಇದೇ. ಅದನ್ನೇ ಹೇಳಿದೆ.

ಹುಡುಗಿ ನನ್ನ ಮುಖ ನೋಡಿದಳು. "ಸ್ಟೇಜ್ ಮೇಲೆ ನೀನೇ ಹೇಳ್ತೀಯ, ಮುಚ್ಚಿಡಬೇಡಿ, ತಲೆ ಎತ್ತಿ ಹೇಳಿ ಅಂತ. ಈಗ ಅವನು ಹೇಳಿದ್ದನ್ನೇ ನೀನೂ ಹೇಳ್ತಿದೀಯಲ್ಲ ಮಾವ?"

ಏನ್ ಹೇಳ್ಲಿ? ಕೇರಳದಲ್ಲಿ 2024ರ ಜೂನಿನಲ್ಲಿ ಸಚಿವ ಕೆ. ರಾಧಾಕೃಷ್ಣನ್ ಖಾತೆ ಬಿಡುವ ದಿನ 'ಕಾಲೋನಿ' ಅನ್ನೋ ಹೆಸರು ಬದಲಾಯಿಸಿ ಅಂತ ಆದೇಶ ಮಾಡಿ ಹೋದರು. ತಮಿಳುನಾಡಲ್ಲಿ 2025ರ ಏಪ್ರಿಲ್‌ನಲ್ಲಿ ಸ್ಟಾಲಿನ್ ವಿಧಾನಸಭೆಯಲ್ಲಿ ಆ ಪದವನ್ನ ಸರ್ಕಾರಿ ದಾಖಲೆಗಳಿಂದ ತೆಗೀತೀವಿ ಅಂದರು. ಇದನ್ನೆಲ್ಲ ಅವಳಿಗೆ ಹೇಳಿದೆ. ಬರೋಡಕ್ಕೆ ಕೆಲಸಕ್ಕೆ ಹೋದ ಬಾಬಾಸಾಹೇಬರು ಇರೋಕೆ ಜಾಗ ಸಿಗದೆ ಪಾರ್ಸಿ ಹೆಸರು ಬರೆಸಿ ಪಾರ್ಸಿಗಳ ತಂಗುಮನೆಯಲ್ಲಿ ಉಳಿದದ್ದನ್ನೂ ಹೇಳಿದೆ. ಕೊಲಂಬಿಯಾದಲ್ಲಿ ಓದಿ ಬಂದೋರು ಅವರು. ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಅವರು ಹೆಸರು ಮುಚ್ಚಿಟ್ಟದ್ದನ್ನ ತಪ್ಪು ಅನ್ನೋ ಯೋಗ್ಯತೆ ನನಗಿಲ್ಲ. ಮುಚ್ಚಿಡು ಅಂತ ನಿನಗೆ ಹೇಳೋ ಧೈರ್ಯವೂ ಇಲ್ಲ ಅಂದೆ.

ಅವಳು ಬಹಳ ಹೊತ್ತು ಲ್ಯಾಪ್‌ಟಾಪ್ ಮುಂದೆ ಸುಮ್ಮನೆ ಕೂತಿದ್ದಳು, ಜೆರಾಕ್ಸ್ ಅಂಗಡಿಯಿಂದ ಒಂದು ರಾತ್ರಿಗೆ ಅಂತ ತಂದದ್ದು. ಆಮೇಲೆ ವಿಳಾಸದ ಸಾಲು ಅಳಿಸಿ ಊರ ಹೆಸರು ಮಾತ್ರ ಇಟ್ಟಳು. ಆದರೆ ಕೆಳಗೆ ಓದಿನ ವಿವರದಲ್ಲಿ ಹಾಸ್ಟೆಲಿನ ಸಾಂಸ್ಕೃತಿಕ ಕಾರ್ಯದರ್ಶಿ ಆಗಿದ್ದೆ ಅಂತ ಒಂದು ಸಾಲಿತ್ತಲ್ಲ, ಸಮಾಜ ಕಲ್ಯಾಣ ಇಲಾಖೆ ಅನ್ನೋ ಹೆಸರಿನ ಸಮೇತ, ಅದನ್ನ ತೆಗೆಯಲಿಲ್ಲ. "ಅದು ನಾನು ಮಾಡಿದ ಕೆಲಸ, ಇರ್ಲಿ" ಅಂದಳು. "ವಿಳಾಸ ಸೇರೋ ದಿನ ಬರ್ಕೊಡ್ತೀನಿ, ಪೂರ್ತಿ."

ವಸಂತನರಸಾಪುರದ ಹುಡುಗಿ ರೆಸ್ಯೂಮನ್ನ ತನ್ನ ಮ್ಯಾನೇಜರ್ ಟೇಬಲ್ಲಿಗೆ ಕೊಟ್ಟಿದ್ದಾಳೆ. ಪೀಣ್ಯದ ಹುಡುಗ ಮುಂದಿನ ಮಂಗಳವಾರ ಬರೋಕೆ ಹೇಳಿದಾನೆ, ಫೋನಲ್ಲಿ ಒಂದು ಸುತ್ತು ಮಾತಾಡಿಸಿದಾರೆ. ಇನ್ನೂ ಏನೂ ಆಗಿಲ್ಲ. 499 ಹೋಯ್ತು.

ಇದನ್ನ ಓದ್ತಿರೋರಲ್ಲಿ ಕಂಪನಿಗಳ ಒಳಗಿರೋರು ಬಹಳ ಜನ ಇದೀರಿ, ಕೆಲವರು ಎಚ್‌ಆರ್‌ನಲ್ಲೇ ಇದೀರಿ, ನನಗೆ ಗೊತ್ತು. ಆಫೀಸಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ಈ ಪೋಸ್ಟಿಗೆ ಲೈಕ್ ಒತ್ತದೇ ಹೋಗೋರೂ ಇದೀರಿ, ಬೇಜಾರಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲೂಕಿನ ಹಾಸ್ಟೆಲ್‌ಗಳಿಂದ ಓದಿ ಹೊರಬಂದ 34 ಮಕ್ಕಳ ರೆಸ್ಯೂಮ್ ಈಗ ನನ್ನ ಹತ್ತಿರ ಇದೆ. ಬಿ.ಕಾಂ., ಡಿಪ್ಲೊಮಾ, ಐಟಿಐ, ಇಬ್ಬರು ನರ್ಸಿಂಗ್. ನಿಮ್ಮಲ್ಲಿ ಯಾವ ಕೆಲಸ ಖಾಲಿ ಇದೆ ಅಂತ ಇನ್‌ಬಾಕ್ಸಿಗೆ ಬರೀರಿ. ಅದಕ್ಕೆ ಹೊಂದೋದನ್ನ ಮಾತ್ರ ಕಳಿಸ್ತೀನಿ, ಆ ಮಗುವನ್ನ ಕೇಳಿಯೇ ಕಳಿಸ್ತೀನಿ. ಯಾರಿಗೆ ಕಳಿಸಿದೆ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡ್ತಿದ್ದೀನಿ.

ಜೈ ಭೀಮ್.